ಸಂಬಳದ ಬಿಸಿಲು

ನನ್ನ ತಮ್ಮ ಸೀತಾಪತಿ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಆಷಾಢದ ಒಂದು ಗುರುವಾರ. ಪೂಜೆ ಮುಗಿಸಿ ಎಲೆಯ ಮುಂದೆ ಕೂತು, ಪರಿಷೇಚನೆಗೆಂದು ಅಂಗೈಯಲ್ಲಿ ನೀರು ಹಿಡಿದಿದ್ದೆ. ಫೋನು ಕೂಗಿತು. ಎತ್ತಿದರೆ ಒಬ್ಬ ಹೆಂಗಸಿನ ದನಿ. "ಸಾಮಿ, ಸೀತಾಪತಪ್ಪೋರ ಅಣ್ಣಯ್ಯನಾ ಮಾತಾಡ್ತಿರಾದು?" ಎಂದಳು. ತಮ್ಮ ಕೆಲಸಕ್ಕಿದ್ದದ್ದು ಒಂದು ಪಂಪ್‌ಸೆಟ್ ಕಂಪನಿಯಲ್ಲಿ. ತೋಟದವರು ನಂಬರು ತಪ್ಪಿ ನನಗೆ ಫೋನು ಮಾಡುವುದು ಹೊಸದಲ್ಲ. "ತಾಯಿ, ಮೋಟಾರು ಕೆಟ್ಟಿದ್ದರೆ ಬೇರೆ ನಂಬರಿದೆ, ಬರ್ಕೊಳ್ಳಿ," ಎಂದೆ. "ಮೋಟ್ರು ನೆಟ್ಗಿದೆ ಸಾಮಿ. ನಿಮ್ ತಮ್ಮಯ್ಯ ಹೋಗ್ಬುಟ್ರು," ಎಂದಳು. "ಎಲ್ಲಿಗೆ ಹೋದ?" ಎಂದು ಕೇಳಿದೆ. "ಇನ್ನೆಲ್ಲಿಗೆ ಸಾಮಿ. ಎಲ್ರೂ ಹೋಗೋ ತಾವ್ಕೆ," ಎಂದಳು. ಅಂಗೈಯ ನೀರು ಎಲೆಯ ಮೇಲೆ ಬಿತ್ತು. ಅನ್ನದ ಮುಂದಿನಿಂದ ಎದ್ದೆ. ಎಷ್ಟು ಹೊತ್ತಿಗೆ ಹೋದನೆಂದು ಕೇಳಬೇಕಿತ್ತಲ್ಲ ಎಂದು ಹೊಳೆದದ್ದು ತಲೆಯ ಮೇಲೆ ನೀರು ಸುರಿದುಕೊಂಡು ಬಂದ ಮೇಲೆ. ತಿರುಗಿ ಫೋನು ಮಾಡಿದೆ. "ಅದೇ ನೋಡಿ ಸಾಮಿ ಕಷ್ಟ," ಎಂದಳು ಆಕೆ. "ಬೆನ್ನಿಗೆ ಬೆಳಕಾಗಿತ್ತು. ಮಕಕ್ಕೆ ಇನ್ನೂ ಕತ್ಲೆ ಇತ್ತು."

ನಾನು ಅರಸೀಕೆರೆಯ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಭೂಗೋಳ ಪಾಠ ಹೇಳಿದವನು. ಮೋಸಂಬಿಯ ಪಕ್ಕದಲ್ಲಿ ದೀಪವಿಟ್ಟು, ಹಗಲು ಇರುಳು ಹೇಗಾಗುತ್ತವೆಂದು ಸಾವಿರಾರು ಮಕ್ಕಳಿಗೆ ತೋರಿಸಿದವನು. ಸೀತಾಪತಿ ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಅವನಿಗೆ ನಡೆಯಲು ಕಲಿಸಿದವನು ನಾನು, ಉಪನಯನವಾದ ಮೇಲೆ ಸಂಧ್ಯಾವಂದನೆ ಹೇಳಿಕೊಟ್ಟವನೂ ನಾನೇ. ಅವನ ಹೆಂಡತಿ ತೀರಿಕೊಂಡಳು, ಮಕ್ಕಳಿರಲಿಲ್ಲ. ಅವನ ಕಂಪನಿಯವರು ಒಂದು ದಿನ, ಇನ್ನು ಮೇಲೆ ಆಫೀಸಿಗೆ ಬರಬೇಡಿ, ಮನೆಯಿಂದಲೇ ಕೆಲಸ ಮಾಡಿ ಎಂದರು. ಯಾವ ಮನೆಯಿಂದ ಎಂದು ಹೇಳಲಿಲ್ಲ. ಅವನ ಸಂಬಳಕ್ಕೆ ನಮ್ಮ ಪಟ್ಟಣಗಳಲ್ಲಿ ಸಿಕ್ಕುತ್ತಿದ್ದದ್ದು ಮಹಡಿಯ ಮೇಲೆ ಒಂದು ಕೋಣೆ, ದಿನ ಬಿಟ್ಟು ದಿನ ನೀರು. ಅವನು ಕಂಪ್ಯೂಟರಿನ ಮುಂದೆ ಮೂರು ತಿಂಗಳು ಕೂತು ಭೂಮಿಯನ್ನೆಲ್ಲ ಹುಡುಕಿ, ಯುರೋಪಿನ ತೆಂಕಣ ಅಂಚಿನಲ್ಲಿ, ಗುಡ್ಡದಿಂದ ಸಮುದ್ರಕ್ಕೆ ಮೆಟ್ಟಿಲಿಳಿದಂತೆ ಇರುವ ಒಂದು ಊರು ಹಿಡಿದ. ಅದೇ ಸಂಬಳಕ್ಕೆ ಅಲ್ಲಿ ಮೂರು ಕೋಣೆಯ ಮನೆ, ನಡುವೆ ಅಂಗಳ, ಅಂಗಳದಲ್ಲಿ ಒಂದು ನಿಂಬೆಯ ಗಿಡ, ತಿಂಗಳ ಕೊನೆಗೆ ಒಂದಿಷ್ಟು ಉಳಿತಾಯ. ನಿಂಬೆಯ ಗಿಡದ ಕೆಳಗೆ ಕೂತು ಅವನು ನಮ್ಮ ಹಾಸನ, ತುಮಕೂರು ಸೀಮೆಯ ತೋಟದವರಿಗೆ ಫೋನಿನಲ್ಲಿ ಮೋಟಾರು ರಿಪೇರಿ ಹೇಳಿಕೊಡುತ್ತಿದ್ದ. ಯಾರು ಏನೇ ಹೇಳಲಿ, ಅವನ ಮೊದಲ ಪ್ರಶ್ನೆ ಒಂದೇ, ನೀರಿಗಿಳಿದ ಪೈಪಿನ ಬುಡದ ಕವಾಟದ್ದು, "ಫುಟ್‌ವಾಲ್ವ್ ನೋಡಿದ್ರಾ?"

ಆ ಊರಿನಲ್ಲಿ, ಯಾರ ಸಂಬಳ ಎಲ್ಲಿಂದ ಬರುತ್ತದೋ ಅಲ್ಲಿಯ ಬಿಸಿಲು ಅವರ ಮನೆಯಲ್ಲಿ ಬೀಳುತ್ತದೆ. ಹಿಮದ ದೇಶದ ಬ್ಯಾಂಕಿಗೆ ಕೆಲಸ ಮಾಡುವವನ ಮನೆಯಲ್ಲಿ ಚಳಿಗಾಲವೆಲ್ಲ ಮಬ್ಬು. ಊರಿನವರು ಗಾಲಿಯಷ್ಟು ದೊಡ್ಡ ಚೀಸಿನ ಗಟ್ಟಿಗಳನ್ನು ಕೆಡದಿರಲೆಂದು ಅಲ್ಲಿ ಇಟ್ಟು ಹೋಗುತ್ತಾರೆ. ಪಡುವಣ ದೂರದ ಕಂಪನಿಗೆ ಚಿತ್ರ ಬರೆಯುವ ಹುಡುಗಿಯ ಮಾಳಿಗೆಯಲ್ಲಿ ಊರೆಲ್ಲ ದೀಪ ಹಚ್ಚಿದ ಮೇಲೂ ಬಿಸಿಲು ಇರುತ್ತದೆ. ಅಲ್ಲಿ ಟೊಮೆಟೊ ಒಣಗಿಸುತ್ತಾರೆ. ಹೊಸ ಬಾಡಿಗೆಯವರು ಬಂದರೆ ಮನೆಯೊಡೆಯರು ಮೊದಲು ಕೇಳುವುದು ಹೆಸರಲ್ಲ, ಕಂಪನಿ ಎಲ್ಲಿಯದು ಎಂದು. ಬೆಳಕು ನೋಡಿ ಬಾಡಿಗೆ. ಸೀತಾಪತಿಯ ಬೆಳಕು ಬಲು ಬೇಡಿಕೆಯದು. ಆ ಊರಿನಲ್ಲಿ ಮಧ್ಯಾಹ್ನ ಎರಡಕ್ಕೆ ಬೀದಿಯ ಕಲ್ಲು ಕಾದ ಕಾವಲಿಯಾಗಿರುತ್ತದೆ. ಆ ಹೊತ್ತಿಗೆ ನಮ್ಮ ಅರಸೀಕೆರೆಯಲ್ಲಿ ಸಂಜೆ ಆರೂವರೆ. ಅಂದರೆ ಊಟ ಮುಗಿಸಿ ಎಲ್ಲರೂ ಮಲಗುವ ಹೊತ್ತಿಗೆ ಸರಿಯಾಗಿ ಅವನ ಅಂಗಳದಲ್ಲಿ ತಂಪಾಗಿ ಮುಸ್ಸಂಜೆ ಇಳಿಯುತ್ತಿತ್ತು. ಇಡೀ ಬೀದಿ ದಿಂಬು ಹಿಡಿದು ಬಂದು ಅಲ್ಲಿ ಮಲಗುತ್ತಿತ್ತು. ಮನೆಯೊಡತಿ ಪೆರ್ಪೆತುವಾ ಎಂಬ ವಿಧವೆ ಆ ಕಾರಣಕ್ಕೆ ಅವನಿಂದ ಬಾಡಿಗೆಯೆಂದು ತೆಗೆದುಕೊಳ್ಳುತ್ತಿದ್ದದ್ದು ಹೆಸರಿಗೆ ಮಾತ್ರ.

ಈ ಬಿಸಿಲಿನ ವಿಷಯಕ್ಕೇ ನಮ್ಮಿಬ್ಬರಿಗೆ ಮಾತು ಬಂದದ್ದು. ಅಲ್ಲಿಗೆ ಹೋದ ಮೊದಲ ವರ್ಷ ಅವನು ನಮ್ಮ ತಂದೆಯವರ ಶ್ರಾದ್ಧವನ್ನು ಆ ಅಂಗಳದಲ್ಲಿ ಮಾಡಿ, ಸಂತೋಷವಾಗಿ ಫೋನು ಮಾಡಿದ. "ಅಣ್ಣಯ್ಯ, ನಮ್ಮೂರಿನ ಬಿಸಿಲಿನಲ್ಲೇ ಮಾಡಿದೆ ಕಣೋ. ಅರ್ಘ್ಯವನ್ನೂ ದಿನಾ ಅದಕ್ಕೇ ಬಿಡೋದು," ಎಂದ. ನಾನು ಭೂಗೋಳದ ಮೇಷ್ಟ್ರು. ಅಷ್ಟಕ್ಕೆ ಸುಮ್ಮನಿರಲಾರದೆ, "ನೀನು ಯಾವ ಊರಿನ ನೆಲದ ಮೇಲೆ ನಿಂತಿದ್ದೀಯೋ ಆ ಊರಿನ ಸೂರ್ಯನೇ ನಿನ್ನ ಸೂರ್ಯ. ಅಂಗಳದಲ್ಲಿ ಬೀಳುವುದು ಸಂಬಳದ ಬಿಸಿಲು. ಅದಕ್ಕೆ ಅರ್ಘ್ಯ ಬಿಟ್ಟರೆ ಕಂಪನಿಗೆ ಸೇರುತ್ತದೆ, ಅಪ್ಪನಿಗೆ ಮುಟ್ಟುವುದಿಲ್ಲ," ಎಂದುಬಿಟ್ಟೆ. ಅವನು ನಗಲಿಲ್ಲ. "ಆಗಲಿ ಅಣ್ಣಯ್ಯ," ಎಂದ. ಆಮೇಲೆ ಆರು ವರ್ಷ ಭಾನುವಾರ ಭಾನುವಾರ ತಪ್ಪದೆ ಫೋನು ಮಾಡಿದ. ಹವೆ ಹೇಳಿದ, ಅಡುಗೆ ಹೇಳಿದ, ಮೋಟಾರಿನ ಕಥೆ ಹೇಳಿದ. ಅರ್ಘ್ಯದ ಮಾತು ಮತ್ತೆ ಎತ್ತಲಿಲ್ಲ. ಬಿಟ್ಟುಬಿಟ್ಟಿದ್ದಾನೆ ಎಂದುಕೊಂಡೆ. ಕೇಳಲು ನನಗೆ ಬಿಗುಮಾನ.

ಕಾಗದಪತ್ರಕ್ಕೆ ಓಡಾಡಿ ನಾನು ಆ ಊರು ಮುಟ್ಟುವ ಹೊತ್ತಿಗೆ ಮರು ಬುಧವಾರವಾಗಿತ್ತು. ಅಲ್ಲಿಯವರು ನನ್ನನ್ನು ಫೋನಿನಲ್ಲಿ ಕೇಳಿ ದಹನ ಮಾಡಿಸಿದ್ದರು. ನನ್ನ ಹೆಂಡತಿ ರಂಗಲಕ್ಷ್ಮಿ ಚೀಲಕ್ಕೆ ಕರಿ ಎಳ್ಳು, ದರ್ಭೆ, ಅಕ್ಕಿಹಿಟ್ಟು ಹಾಕಿ ಕಳಿಸಿದ್ದಳು. ವಿಮಾನನಿಲ್ದಾಣದ ಅಧಿಕಾರಿ ದರ್ಭೆಯನ್ನು ಮೂಸಿ ನೋಡಿ, ಏನೂ ತೋಚದೆ, ವಾಪಸು ಕೊಟ್ಟ. ಬಸ್ಸಿಳಿದು ಆ ಬೀದಿಯನ್ನು ಹತ್ತುವಾಗ ಹೊತ್ತು ಎರಡು ದಾಟಿತ್ತು. ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಒಂದು ನೀಲಿ ಬಾಗಿಲು ತೆರೆದಿತ್ತು. ಹೊಸ್ತಿಲು ದಾಟಿದರೆ ಒಳಗೆ ಮುಸ್ಸಂಜೆ, ನಮ್ಮೂರಿನ ಆಷಾಢದ ತಣ್ಣನೆಯ ಗಾಳಿ, ನಿಂಬೆಯ ಗಿಡದ ಸುತ್ತ ಹದಿನೈದು ಇಪ್ಪತ್ತು ಜನ ಸಾಲಾಗಿ ಮಲಗಿದ್ದಾರೆ. ಇವರೂ ಹೋದರೆಂದೇ ಎಣಿಸಿದೆ. ಅಷ್ಟರಲ್ಲಿ ಒಬ್ಬ ಗೊರಕೆ ಹೊಡೆದ.

ತುದಿಯಲ್ಲಿ ಕುರ್ಚಿಯ ಮೇಲೆ, ಕಿವಿಗೆ ತಮ್ಮನ ಫೋನು ಹಚ್ಚಿಕೊಂಡು, ಕಪ್ಪು ಲಂಗದ ಒಬ್ಬ ದಪ್ಪ ಮುದುಕಿ ಕೂತಿದ್ದಳು. ಕೂದಲು ಬೆಳ್ಳಗೆ, ಮೂಗಿನ ಮೇಲೆ ಕನ್ನಡಕ. "ಲೋ ತಮ್ಮ, ಮೂರು ಫೇಜೂ ಬಂದದಾ ಮೊದ್ಲು ನೋಡು. ಸುಮ್ಕೆ ಸ್ಟಾರ್ಟರ್ ಒತ್ಬುಟ್ಟು ಸುಟ್ಕಂಡ್ ಗಿಟ್ಕಂಡೀಯಾ," ಎನ್ನುತ್ತಿದ್ದಳು. ನನ್ನನ್ನು ಕಂಡು ಫೋನು ಕೆಳಗಿಟ್ಟು ಎದ್ದಳು. "ಬನ್ನಿ ಸಾಮಿ, ಯಾಕಂಗ್ ನಿಂತ್ಬುಟ್ರಿ. ಮಕ ನೋಡಿದ್ರೆ ಗೊತ್ತಾಯ್ತದೆ, ಅದೇ ಮೂಗು," ಎಂದಳು. ಇವಳೇ ಪೆರ್ಪೆತುವಾ. ಆರು ವರ್ಷ ಅಂಗಳದಲ್ಲಿ ಅವರೆ ಸುಲಿಯುತ್ತ, ಫೋನಿನಿಂದ ಗಟ್ಟಿಯಾಗಿ ಕೇಳಿಬರುತ್ತಿದ್ದ ನಮ್ಮ ರೈತರ ಮಾತು ಕೇಳಿ ಕೇಳಿ ಕನ್ನಡ ಕಲಿತಿದ್ದಳು. ಅವಳ ಹತ್ತಿರ ತಮ್ಮ ಮಾತಾಡಿದ್ದು ಅವನ ಕನ್ನಡ. ಅವಳಿಗೆ ಹತ್ತಿದ್ದು ತೋಟದವರದು. ನಾನು ಮೂರು ದಿನ ಉಪವಾಸವಿದ್ದವನ ಹಾಗೆ ಆ ಮಾತನ್ನು ಕೇಳಿದೆ. ಮಲಗಿದ್ದವರು ಒಬ್ಬೊಬ್ಬರೇ ಎದ್ದು, ದಿಂಬು ಕಂಕುಳಲ್ಲಿಟ್ಟುಕೊಂಡು, ಸಾಲಾಗಿ ಬಂದು ನನ್ನ ಎರಡು ಕೈ ಹಿಡಿದು, ತುಂಬಿದ ಕಣ್ಣಿನಿಂದ, "ಫುಟ್‌ವಾಲ್ವ್ ನೋಡಿದ್ರಾ," ಎಂದರು. ಒಬ್ಬರ ಹಿಂದೆ ಒಬ್ಬರು ಇಪ್ಪತ್ತು ಜನ. ನಾನು ಪೆರ್ಪೆತುವಾಳ ಮುಖ ನೋಡಿದೆ. "ಅವ್ರಿಗೆ ಅರ್ಥ ಗೊತ್ತಿಲ್ಲ ಸಾಮಿ," ಎಂದು ಪಿಸುಗುಟ್ಟಿದಳು. "ಅಷ್ಟು ಮರ್ವಾದೆಯಿಂದ ಯೋಳ್ತಿದ್ರಲ್ಲ ನಿಮ್ ತಮ್ಮಯ್ಯ, ಏನೋ ದೇವ್ರ ಮಾತು ಅನ್ಕಂಡವ್ರೆ. ನಾನೂ ಬುಡ್ಸಿ ಯೋಳಿಲ್ಲ." ನಾನು ಇಪ್ಪತ್ತು ಜನಕ್ಕೂ ಕೈಮುಗಿದು, "ನೋಡಿದೆ," ಎಂದೆ.

ನಾನು ಬಂದದ್ದು ಹತ್ತನೆಯ ದಿನದ ಕರ್ಮಕ್ಕೆ. ಅಣ್ಣನಾದವನು ತಮ್ಮನಿಗೆ ಎಳ್ಳುನೀರು ಬಿಡುವುದು ಯಾರಿಗೂ ಬೇಡ. ಆದರೆ ಬಿಡುವುದಾದರೆ ಸರಿಯಾದ ದಿನ ಬಿಡಬೇಕು. ದಿನ ತಪ್ಪಿದರೆ ಹೋದ ಜೀವ ಹಸಿದು ಬಾಯಾರಿ ನಡುದಾರಿಯಲ್ಲೇ ನಿಂತಿರುತ್ತದೆ ಎಂದು ನಾನು ನಂಬಿದವನು. ನಮ್ಮ ಲೆಕ್ಕದಲ್ಲಿ ದಿನ ಹುಟ್ಟುವುದು ಗಡಿಯಾರಕ್ಕಲ್ಲ, ಸೂರ್ಯ ಹುಟ್ಟಿದಾಗ. ತಮ್ಮ ಹೋದಾಗ ಅಂಗಳದಲ್ಲಿ ಗುರುವಾರದ ಸೂರ್ಯ ಆಳುದ್ದ ಏರಿದ್ದ. ಬೀದಿಯಲ್ಲಿ ಬುಧವಾರದ ಕತ್ತಲೆಯೇ ಇನ್ನೂ ಇತ್ತು. ಅಂಗಳದ ಲೆಕ್ಕ ಹಿಡಿದರೆ ಹತ್ತನೆಯ ದಿನ ಶನಿವಾರ, ಬೀದಿಯ ಲೆಕ್ಕ ಹಿಡಿದರೆ ಶುಕ್ರವಾರ. ನಮ್ಮ ಪುರೋಹಿತರಾದ ಶಂಭು ಜೋಯಿಸರಿಗೆ ಫೋನು ಮಾಡಿ ವಿಷಯ ತಿಳಿಸಿದೆ. ಅವರು ಬಹಳ ಹೊತ್ತು ಪುಟ ಮಗುಚುವುದು ಕೇಳಿಸಿತು. "ಮೇಷ್ಟ್ರೇ, ನನ್ನ ಪುಸ್ತಕದಲ್ಲಿ ಒಬ್ಬರಿಗೆ ಒಂದೇ ಸೂರ್ಯ. ದೇಹ ಅಂಗಳದಲ್ಲಿತ್ತೋ ಬೀದೀಲಿತ್ತೋ, ಅಷ್ಟು ಹೇಳಿ," ಎಂದರು. ಪೆರ್ಪೆತುವಾ ಹೇಳಿದ್ದನ್ನು ಹೇಳಿದೆ. ಸೀತಾಪತಿ ದಿನಾ ಬೆಳಿಗ್ಗೆ ಹೊಸ್ತಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ, ಬೆನ್ನು ಅಂಗಳದ ಬಿಸಿಲಿಗೆ, ಮುಖ ಬೀದಿಯ ತಂಪಿಗೆ. ಹಾಗೆ ಕೂತವನು ಹಾಗೇ ಹೋದ. ಲೋಟ ಕೂಡ ಚೆಲ್ಲಿರಲಿಲ್ಲ. ಜೋಯಿಸರು ನಿಟ್ಟುಸಿರು ಬಿಟ್ಟರು. "ಪ್ರಾಣ ಹೋಗೋದು ಮೂಗಿನಿಂದ. ಮೂಗು ಯಾವ ಕಡೆ ಇತ್ತು ವಿಚಾರಿಸಿ."

ಗುರುವಾರ ಬೆಳಿಗ್ಗೆ ಮೂಗಿನ ವಿಚಾರಣೆಗೆ ಬೀದಿಯೆಲ್ಲ ಸೇರಿತು. ಮೊದಲು ನೋಡಿದವನು ಎದುರುಮನೆಯ ಕ್ಷೌರಿಕ ಬಾಲ್ತಜಾರ್. ಅವನನ್ನೇ ಹೊಸ್ತಿಲ ಮೇಲೆ ಕೂರಿಸಿ, ಕೈಗೆ ಕಾಫಿ ಲೋಟ ಕೊಟ್ಟು, ಸೀತಾಪತಿ ಕೂತಿದ್ದ ಹಾಗೆ ಕೂತು ತೋರಿಸು ಎಂದೆವು. ಬಾಗಿಲಿನ ಚೌಕಟ್ಟಿನಿಂದ ಪೆರ್ಪೆತುವಾ ಒಂದು ದಾರ ಇಳಿಬಿಟ್ಟಳು. ಬಾಲ್ತಜಾರನ ಮೂಗು ದಾರ ದಾಟಿ ಬೀದಿಗೆ ಬಂತು. ನಾನು ಶುಕ್ರವಾರ ಎಂದು ಮನಸ್ಸಿನಲ್ಲಿ ಗೊತ್ತುಮಾಡಿಕೊಳ್ಳುವಷ್ಟರಲ್ಲಿ ರೊಟ್ಟಿಯಂಗಡಿಯವಳು ಏನೋ ಹೇಳಿ ಎಲ್ಲರೂ ಗಲಾಟೆ ಎಬ್ಬಿಸಿದರು. "ಏನಂತೆ?" ಎಂದು ಕೇಳಿದೆ. "ಇವನ್ ಮೂಗು ನಂಬ್ಬೇಡಿ ಅಂತವ್ಳೆ ಸಾಮಿ. ಇವನ್ ಮೂಗು ಇವನಿಗಿಂತ ಮುಂಚೆ ಮನೆ ಸೇರ್ತದಂತೆ," ಎಂದಳು ಪೆರ್ಪೆತುವಾ. ಅದೇ ಮೂಗು ಎಂದಿದ್ದಳಲ್ಲ, ನನ್ನನ್ನೇ ಕೂರಿಸಿದರು. ನಾನು ಬೆನ್ನು ನೆಟ್ಟಗೆ ಇಟ್ಟು ಕೂರುವವನು. ನನ್ನ ಮೂಗು ಅಂಗಳದಲ್ಲೇ ಉಳಿಯಿತು. ಸೀತಾಪತಿ ಹೀಗೆ ಕೂರುತ್ತಿರಲಿಲ್ಲ, ಬಗ್ಗುತ್ತಿದ್ದ ಎಂದರು ಕೆಲವರು. ಬಗ್ಗುತ್ತಿದ್ದದ್ದು ಕಾಫಿ ಬಿಸಿಯಿದ್ದಾಗ, ಅವತ್ತು ಅರ್ಧ ಕುಡಿದಾಗಿತ್ತು ಎಂದರು ಇನ್ನು ಕೆಲವರು. ಇಗರ್ಜಿಯ ಪಾದ್ರಿಗಳು ಬಂದು, ಊರಿನ ಗಂಟೆ ಎಷ್ಟು ಹೊಡೆದಿತ್ತೋ ಅದೇ ಸರಿ ಎಂದು ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟರು. ಆ ಗಂಟೆ ನಾಲ್ಕು ವರ್ಷದಿಂದ ಕೆಟ್ಟಿದೆ ಎಂದು ಯಾರೋ ನೆನಪು ಮಾಡಿದರು.

ನಾನು ಲೋಟ ಹಿಡಿದುಕೊಂಡು ಅಲ್ಲೇ ಕೂತೆ. ಬೆನ್ನು ಬೆಚ್ಚಗಿತ್ತು. ನನ್ನೊಳಗೆ ಕೊರೆಯುತ್ತಿದ್ದದ್ದು ಮೂಗಿನ ಮಾತಲ್ಲ. ಅಂಗಳದ ಸೂರ್ಯ ಲೆಕ್ಕಕ್ಕಿಲ್ಲ ಎಂದು ಹೇಳಿದವನು ನಾನು. ನನ್ನ ಮಾತಿಗೆ ನಾನು ನಿಂತರೆ ಶುಕ್ರವಾರವೇ ಸರಿ. ನಿಲ್ಲದೆ ಶನಿವಾರ ಎಂದರೆ, ಆರು ವರ್ಷ ಅವನು ಅಪ್ಪನಿಗೆ ಹಾಕಿದ ಪಿಂಡವೂ ಸರಿಯಾಗಿತ್ತು, ನಾನು ಸುಮ್ಮನೆ ಅವನ ಮನಸ್ಸು ಮುರಿದೆ ಎಂದಾಗುತ್ತದೆ. ಪೆರ್ಪೆತುವಾ ಪಕ್ಕದಲ್ಲಿ ಬಂದು ಕೂತಳು. ಅವಳಿಗೆ ನಾನು, "ಅಮ್ಮ, ಅವನು ಕೊನೆಕೊನೆಗೆ ದೇವರು ದಿಂಡರು ಎಲ್ಲ ಬಿಟ್ಟಿದ್ದನೇನು?" ಎಂದು ಕೇಳಿದೆ. "ಯಾರು, ನಿಮ್ ತಮ್ಮಯ್ಯನಾ?" ಎಂದಳು. "ದಿನಾ ಎರಡ್ಸಾರಿ ನೀರ್ ಬುಡೋರು ಸಾಮಿ. ಅಂಗ್ಳದಾಗೆ ಹೊತ್ ಹುಟ್ಟೋವಾಗ ಒಂದ್ಸಾರಿ. ಆಮ್ಯಾಕೆ ಕೆಲ್ಸದ ನಡೂವೆ ಫೋನ್ ನನ್ ಕೈಗ್ ಕೊಟ್ಬುಟ್ಟು, ಬೀದೀಲಿ ಹೊತ್ ಹುಟ್ಟೋವಾಗ ಇನ್ನೊಂದ್ಸಾರಿ. ಅದ್ಕೇ ನಾನು ಫೋನಾಗೆ ಮಾತಾಡಕ್ ಕಲ್ತಿದ್ದು. ಯಾಕಪ್ಪ ಎರಡು ಅಂತ ಕೇಳಿದ್ರೆ, ಒಂದು ನಂದು, ಇನ್ನೊಂದು ನಮ್ಮಣ್ಣಯ್ಯನ್ದು ಅನ್ನೋರು."

"ವರ್ಸಕ್ಕೊಂದ್ಸಾರಿ ನಿಮ್ಮಪ್ಪಾರ್ ಹೆಸ್ರಲ್ಲಿ ಅನ್ನದ್ ಉಂಡೆ ಮಾಡೋರಲ್ಲ," ಎಂದು ಅವಳೇ ಮುಂದುವರಿಸಿದಳು, "ಅದೂ ಎರಡು ದಪ. ಒಳ್ಗೊಂದು, ಬೀದೀಲೊಂದು. ಅಷ್ಟೊಂದು ಅಕ್ಕಿ ಯಾಕಪ್ಪ ಅಂದ್ರೆ, ನಮ್ಮಣ್ಣ ಮೇಷ್ಟ್ರು, ತಪ್ ಇದ್ರೆ ಮಾರ್ಕ್ಸ್ ಕೊಡಲ್ಲ ಅನ್ನೋರು." ಎದುರಿಗೆ ಬಾಲ್ತಜಾರ್ ಯಾರದೋ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ. ನಾನು ಅದನ್ನೇ ನೋಡುತ್ತ ಕೂತೆ. ಕಣ್ಣೊರೆಸಿಕೊಳ್ಳಲು ಹೋದರೆ ಕೈಯಲ್ಲಿ ಲೋಟ ಇತ್ತು.

ಜೋಯಿಸರಿಗೆ ಫೋನು ಮಾಡಿ, ಹತ್ತನೆಯ ದಿನವನ್ನು ಎರಡು ದಿನ ಮಾಡುತ್ತೇನೆ ಎಂದೆ. "ಹಾಗೆಲ್ಲ ಇಲ್ಲ ಮೇಷ್ಟ್ರೇ," ಎಂದರು. "ಅವನು ನನಗೋಸ್ಕರ ಆರು ವರ್ಷ ಎರಡು ಸಾರಿ ಮಾಡಿದ್ದಾನೆ. ನಾನು ಒಂದು ಸಾರಿ ಮಾಡಬಾರದೇ?" ಎಂದೆ. ಅವರು, "ಒಂದಲ್ಲ, ಎರಡು ಸಾರಿ," ಎಂದು ತಿದ್ದಿದರು. ಮತ್ತೆ, "ಹೆಚ್ಚಾಗಿ ಮಾಡಿದ್ದಕ್ಕೆ ದೋಷ ಬರೆದಿಲ್ಲ. ಶುಕ್ರವಾರ ನಾನೂ ಫೋನಿನಲ್ಲಿ ಕೂತಿರ್ತೀನಿ, ಶನಿವಾರವೂ ಕೂತಿರ್ತೀನಿ," ಎಂದರು.

ಆದರೆ ಶನಿವಾರಕ್ಕೆ ಅಂಗಳದಲ್ಲಿ ನಮ್ಮೂರಿನ ಸೂರ್ಯ ಇರಬೇಕಲ್ಲ. ಆ ಸೂರ್ಯ ಬರುತ್ತಿದ್ದದ್ದು ಸಂಬಳದ ಪಟ್ಟಿಯಲ್ಲಿ ತಮ್ಮನ ಹೆಸರು ಇದ್ದುದರಿಂದ. ಹೆಸರು ಇದ್ದದ್ದು ಅವನು ಸತ್ತ ಸುದ್ದಿ ಕಂಪನಿಗೆ ತಿಳಿಯದೆ ಇದ್ದುದರಿಂದ. ಎಂಟು ದಿನದಿಂದ ಪೆರ್ಪೆತುವಾ ಅವನ ಕುರ್ಚಿಯಲ್ಲಿ ಕೂತು ಫೋನು ಎತ್ತುತ್ತಿದ್ದಳು. "ಸುಳ್ಳು ಒಂದೂ ಆಡಿಲ್ಲ ಸಾಮಿ. ಸೀತಾಪತಪ್ಪ ಅವ್ರಾ ಅಂದ್ರೆ ಇಲ್ಲ ಅಂತೀನಿ. ಯಾವಾಗ ಬತ್ತರೆ ಅಂದ್ರೆ ಗೊತ್ತಿಲ್ಲ ಅಂತೀನಿ. ಮಲ್ಗಕ್ ಜಾಗ ಬೇಕಲ್ಲ ನಮಗೂವೆ," ಎಂದಳು. ಸತ್ತವನ ಹೆಸರಿನಲ್ಲಿ ಸುಳ್ಳಿನ ಬಿಸಿಲು ತರಿಸಿ ಅದರಲ್ಲಿ ಪಿಂಡ ಹಾಕುವುದು ನನಗೆ ಒಪ್ಪಲಿಲ್ಲ. ಕಂಪನಿಯ ಮ್ಯಾನೇಜರು ರುದ್ರಸ್ವಾಮಿಯವರಿಗೆ ನಾನೇ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬಹಳ ನೊಂದುಕೊಂಡರು. "ಅದಕ್ಕೇ ಸಾರ್, ಹೋದ ವಾರದಿಂದ ರೈತರು, ಈಗಿರೋ ಹೆಣ್ಮಗಳು ನಮ್ಮ ಥರಾನೇ ಬಯ್ತಾಳೆ, ತುಂಬಾ ಚೆನ್ನಾಗಿದೆ ಅಂತ ಹೇಳ್ತಿದ್ರು," ಎಂದರು. ನಾನು ಶನಿವಾರದ ವಿಷಯ ತಿಳಿಸಿದೆ. ಯೋಚಿಸಿ, "ಪಟ್ಟಿಯಿಂದ ಹೆಸರು ತೆಗೆಯೋದು ಶನಿವಾರ ಸಂಜೆ. ಅಲ್ಲಿವರೆಗೆ ನಾನು ಮುಟ್ಟಲ್ಲ. ಆದರೆ ಲೈನು ಖಾಲಿ ಬಿಡಬೇಡಿ ಸಾರ್, ಖಾಲಿ ಬಿದ್ರೆ ಕಂಪ್ಯೂಟರೇ ಹೆಸರು ಕಿತ್ತುಹಾಕತ್ತೆ. ಹೊರಗಿನವರನ್ನ ಕೂರಿಸಿದ್ರೆ ನಾನು ಮೇಲಿನವರಿಗೆ ಉತ್ತರ ಕೊಡಲಾರೆ. ಒಡಹುಟ್ಟಿದವರು ನೀವು, ನೀವೇ ಕೂತ್ಕೊಳ್ಳಿ," ಎಂದರು. ಸೂತಕದಲ್ಲಿ ಮೋಟಾರು ರಿಪೇರಿ ಮಾಡಬಹುದೇ ಎಂದು ಜೋಯಿಸರನ್ನು ಕೇಳಿದೆ. "ಬಾಯಲ್ಲಿ ತಾನೇ? ಮಾಡಿ," ಎಂದರು.

ಶುಕ್ರವಾರ ಬೆಳಿಗ್ಗೆ ಬೀದಿಯ ಕೊನೆಯಲ್ಲಿ, ಹೆಂಗಸರು ಬಟ್ಟೆ ಒಗೆಯುವ ಕಲ್ಲಿನ ತೊಟ್ಟಿಯ ಹತ್ತಿರ, ಆ ಊರಿನ ಸೂರ್ಯನ ಕೆಳಗೆ, ಬುಧವಾರದ ಲೆಕ್ಕದ ಹತ್ತನೆಯ ದಿನ ಮಾಡಿದೆ. ಹೆಂಗಸರು ಸೋಪು ಎತ್ತಿಟ್ಟು ಸುಮ್ಮನೆ ನಿಂತರು. ಜೋಯಿಸರ ಮಂತ್ರ ಫೋನಿನಿಂದ ಬರುತ್ತಿತ್ತು. ಹತ್ತು ಗಂಟೆಗೆ ಎದ್ದು ಬಂದು, ಒದ್ದೆ ಪಂಚೆಯಲ್ಲೇ ತಮ್ಮನ ಕುರ್ಚಿಯಲ್ಲಿ ಕೂತೆ.

ಮೊದಲನೆಯವನು ತಿಪಟೂರಿನ ಕಡೆಯವನು. "ಸಾ, ಮೋಟ್ರು ಓಡ್ತದೆ, ನೀರ್ ಬರಾಕಿಲ್ಲ," ಎಂದ. ನನಗೆ ಗೊತ್ತಿದ್ದದ್ದು ಭೂಗೋಳ. ಬಂಡೆಯ ಪದರ, ಅಂತರ್ಜಲ, ಮಳೆಯ ಪ್ರಮಾಣ ಎಲ್ಲ ವಿವರಿಸಿದೆ. ಅವನು ಮರ್ಯಾದೆಯಿಂದ ಕೊನೆಯವರೆಗೆ ಕೇಳಿ, "ಅದೆಲ್ಲ ಸರಿ ಸಾ, ಅಲ್ಲೊಂದು ಅಮ್ಮ ಇರ್ತಿತ್ತಲ್ಲ, ಅದ್ರ ಕೈಗ್ ಕೊಡಿ," ಎಂದ. ಪ್ರತಿ ಮಾತನ್ನು ನಾನೇ ಆಡಬೇಕು, ಹೊರಗಿನವರು ಆಡಬಾರದು. ಪೆರ್ಪೆತುವಾ ಎದುರಿಗೆ ಕೂತು ಕೈಸನ್ನೆ ಮಾಡಿದಳು. ಕಾಲು ತೋರಿಸಿದಳು, ಬಾಯಿ ಮುಚ್ಚಿ ತೆರೆದಳು. ನನಗೆ ಹೊಳೆಯಿತು. "ಫುಟ್‌ವಾಲ್ವ್ ನೋಡಿದ್ರಾ?" ಎಂದೆ. ನನ್ನ ಕೆಲಸ ನೋಡಲು ಬಂದು ಕೂತಿದ್ದ ಇಪ್ಪತ್ತು ಜನ ಎದ್ದು ನಿಂತು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಅಂದು ಮುಚ್ಚುವವರೆಗೆ ಹದಿನಾಲ್ಕು ಜನಕ್ಕೆ ಉತ್ತರ ಹೇಳಿದೆ. ಒಂಬತ್ತು ಜನಕ್ಕೆ ಫುಟ್‌ವಾಲ್ವೇ ಆಗಿತ್ತು. ಕೊನೆಯವನೊಬ್ಬ ಮುದುಕ, "ಸೀತಾಪತಪ್ಪಾರ್ ಇಲ್ವಾ?" ಎಂದು ಕೇಳಿದ. "ಇಲ್ಲ. ತೀರಿಕೊಂಡ. ನಾನು ಅವನ ಅಣ್ಣ," ಎಂದೆ. ಆ ಕಡೆ ಮೋಟಾರು ಗೊರಗೊರ ಅನ್ನುತ್ತಿದ್ದದ್ದು ಕೇಳಿಸುತ್ತಿತ್ತು. ಅವನು ಅದನ್ನು ನಿಲ್ಲಿಸಿದ. "ನಮ್ ಮಗ ಹೋದಾಗ ಅರ್ಧ ಗಂಟೆ ಮಾತಾಡಿದ್ರು ಅವ್ರು, ಮೋಟ್ರ್ ವಿಚಾರ ಬುಟ್ಟು," ಎಂದ. "ಇರ್ಲಿ ಬುಡಿ ಸಾ. ನಾಳೆ ನೋಡ್ಕತೀನಿ." ನಾನು ಫೋನು ಇಟ್ಟೆ. ಪೆರ್ಪೆತುವಾ ನನ್ನ ಕೈಗೆ ನೀರು ಕೊಟ್ಟಳು.

ಶನಿವಾರ ಹಾಲು ಬಿಳುಪಿನ ಬಿಸಿಲು ಅಂಗಳದಲ್ಲಿ ತುಂಬಿತ್ತು. ನಿಂಬೆಯ ನೆರಳು ಬುಡಕ್ಕೆ ಸೇರುತ್ತಿತ್ತು. ಅಂಗಳದಲ್ಲಿ ಅದು ಹನ್ನೊಂದರ ಹೊತ್ತು. ಬೀದಿಯ ಮೇಲೆ ಮಾತ್ರ ಸೂರ್ಯ ಆಗತಾನೆ ಸಮುದ್ರದಿಂದ ಕೆಂಪಗೆ ಎದ್ದಿದ್ದ. ಸಂಜೆಗೆ ಹೆಸರು ಹೋಗುತ್ತದೆ, ಬೆಳಕು ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಹೇಳಿಕಳಿಸದೆ ಬೀದಿಯೆಲ್ಲ ಬಂದಿತ್ತು. ಬಾಲ್ತಜಾರ್ ಹೊಸ ಅಂಗಿ ತೊಟ್ಟಿದ್ದ. ಹಿಂದಿನ ಸಂಜೆ ರುದ್ರಸ್ವಾಮಿಯವರು ಫೋನು ಮಾಡಿ, ತಮ್ಮನ ಕೆಲಸ ನನಗೇ ಕೊಡುತ್ತೇನೆ ಎಂದಿದ್ದರು. ಪೆರ್ಪೆತುವಾ ಮೆಲ್ಲಗೆ, "ಸಾಮಿ, ಮ್ಯಾನೇಜ್ರು ಆ ಕೆಲ್ಸ ನಿಮಗೇ ಕೊಡ್ತೀನಿ ಅಂದ್ರಂತಲ್ಲ. ಇಲ್ಲೇ ಇದ್ಬುಡಿ. ಬಾಡ್ಗೆ ಬ್ಯಾಡ," ಎಂದಳು. "ನನಗೆ ಫುಟ್‌ವಾಲ್ವ್ ಬಿಟ್ಟು ಬೇರೇನೂ ಬಾರದಮ್ಮ," ಎಂದೆ. "ನಿಮ್ ತಮ್ಮಯ್ಯಂಗೂ ಅಷ್ಟೇ ಬತ್ತಿದ್ದು," ಎಂದಳು. ಅವಳಿಗೆ ಉತ್ತರ ಕೊಡಲಿಲ್ಲ, ಈಗಲೂ ಕೊಟ್ಟಿಲ್ಲ. ಪಿಂಡ ಇಟ್ಟೆ. ಜೋಯಿಸರು ಹೇಳಿದ್ದನ್ನೆಲ್ಲ ಹೇಳಿದೆ. ಅವರ ಮಂತ್ರ ಮುಗಿದ ಮೇಲೆ, ಎಳ್ಳು ಸೇರಿದ ನೀರನ್ನು ಬೊಗಸೆಯಲ್ಲಿ ಹಿಡಿದು ಹೊಸ್ತಿಲ ಮೇಲೆ ಹೋಗಿ ನಿಂತೆ. ಬೆನ್ನಿಗೆ ಒಂದು ಸೂರ್ಯ, ಮುಖಕ್ಕೆ ಒಂದು ಸೂರ್ಯ. ಜೋಯಿಸರು ಫೋನಿನಲ್ಲಿ ಕಾದರು. ಇನ್ನು ಹೇಳಬೇಕಾದದ್ದು ಯಾವ ಪುಸ್ತಕದಲ್ಲೂ ಇರಲಿಲ್ಲವಾದ್ದರಿಂದ ನನ್ನ ಮಾತಿನಲ್ಲೇ ಹೇಳಿದೆ.

ನಾರಾಯಣ, ಇವನು ನಮ್ಮ ಸೀತಾಪತಿ. ಇವನು ಅಂಗಳದಲ್ಲಿ ಬಿಟ್ಟ ನೀರೂ ನಿನಗೆ ಸೇರಿದ್ದೇ, ಬೀದಿಯಲ್ಲಿ ಬಿಟ್ಟದ್ದೂ ನಿನಗೆ ಸೇರಿದ್ದೇ. ಸೇರಲಿಲ್ಲವೆಂದು ಹೇಳಿದವನು ನಾನು, ಅದು ನನ್ನ ತಪ್ಪು, ಅವನದಲ್ಲ. ನಮ್ಮ ಅಪ್ಪನ ಹತ್ತಿರ ಅವನನ್ನು ಕೂರಿಸು. ಯಾರದೋ ತೋಟಕ್ಕೆ ನೀರು ಬರಲೆಂದು ಅವನು ಬಹಳ ಮಾತಾಡಿದ್ದಾನೆ, ಅವನಿಗೆ ಬಾಯಾರಿಕೆಯಾಗದ ಹಾಗೆ ನೋಡಿಕೋ. ಹಗಲಾಗಲಿ ಇರುಳಾಗಲಿ ಲೆಕ್ಕವಿಲ್ಲದ ನಿನ್ನ ಸನ್ನಿಧಿಯಲ್ಲಿ ನನ್ನ ತಮ್ಮನಿಗೆ ಶಾಂತಿಯನ್ನು ಕೊಡು.